ಹಸುಗೂಸಿಗೆ ಬೌನ್ಸರ್ ಕುರ್ಚಿ: ಎಷ್ಟು ಹೊತ್ತು, ಎಲ್ಲಿಯವರೆಗೆ?

ಊರಿನ ಮನೆಯಲ್ಲಿ ಕೂಸು ಹುಟ್ಟಿದರೆ ಅಟ್ಟದ ಮೇಲಿನ ತೊಟ್ಟಿಲು ಕೆಳಗಿಳಿಯುತ್ತದೆ. ಜಂತೆಯ ಕೊಂಡಿಗೆ ಸರಪಳಿ ಸಿಕ್ಕಿಸಿದರಾಯಿತು. ತೂಗಲು ಅಜ್ಜಿ, ದೊಡ್ಡಮ್ಮ, ಶಾಲೆಯಿಂದ ಬಂದ ಅಕ್ಕ, ಹೀಗೆ ಯಾರದಾದರೊಂದು ಕೈ ಇದ್ದೇ ಇರುತ್ತದೆ. ಮುಂಬಯಿಯ ಉಪನಗರದ ಎರಡು ಕೋಣೆಗಳ ಬಿಡಾರದಲ್ಲಿ ಜಂತೆಯೂ ಇಲ್ಲ, ಕೊಂಡಿಯೂ ಇಲ್ಲ. ಬಾಡಿಗೆ ಮನೆಯ ಸ್ಲ್ಯಾಬಿಗೆ ರಂಧ್ರ ಕೊರೆಯಬೇಕಾದರೆ ಮಾಲೀಕರ ಒಪ್ಪಿಗೆ ಬೇಕು. ಬಾಣಂತನಕ್ಕೆಂದು ಬಂದಿದ್ದ ಅಜ್ಜಿ ಮೂರು ತಿಂಗಳು ಕಳೆದು ಧಾರವಾಡಕ್ಕೋ ಉಡುಪಿಗೋ ರೈಲು ಹತ್ತಿದ ಮರುದಿನ, ಯಜಮಾನರು ಲೋಕಲ್ ಹಿಡಿಯಲು ಹೊರಟ ಮೇಲೆ, ತಾಯಿಯ ಮುಂದೆ ಉಳಿಯುವ ಪ್ರಶ್ನೆ ಒಂದೇ: ಕುಕ್ಕರ್ ಇಳಿಸುವಷ್ಟು ಹೊತ್ತು ಕೂಸನ್ನು ಎಲ್ಲಿ ಬಿಡುವುದು? ಬೌನ್ಸರ್ ಎಂಬ ಪುಟ್ಟ ಕುರ್ಚಿ ಪ್ರವಾಸಿ ಕನ್ನಡಿಗರ ಮನೆಗಳನ್ನು ಪ್ರವೇಶಿಸುವುದು ಬಹುಮಟ್ಟಿಗೆ ಈ ಪ್ರಶ್ನೆಗೆ ಉತ್ತರವಾಗಿ.

ವಸ್ತು ಬಹಳ ಸರಳ. ಬಾಗಿಸಿದ ಲೋಹದ ಚೌಕಟ್ಟು, ಅದಕ್ಕೆ ಬಿಗಿದ ಬಟ್ಟೆ, ಸೊಂಟಕ್ಕೂ ತೊಡೆಗಳ ನಡುವೆಯೂ ಬರುವ ಪಟ್ಟಿ. ಕೂಸು ಕಾಲಾಡಿಸಿದರೆ ಚೌಕಟ್ಟು ತಾನಾಗಿ ಮೆಲ್ಲಗೆ ಪುಟಿಯುತ್ತದೆ. ಸ್ವೀಡನ್ನಿನ ಬೇಬಿಬ್ಯೋರ್ನ್ ಸಂಸ್ಥೆ 1961ರಲ್ಲಿ ತನ್ನ ವ್ಯವಹಾರವನ್ನು ಆರಂಭಿಸಿದ್ದೇ ಇಂತಹ ಕುರ್ಚಿಯಿಂದ. ಈಗ ಬ್ಯಾಟರಿಯಿಂದ ಕಂಪಿಸುವ, ಹಾಡು ಹಾಡುವ ಬಗೆಗಳೂ ದೊರೆಯುತ್ತವೆ. ಅವುಗಳ ಹಾಡು ಕೂಸಿಗಿಂತ ಮೊದಲು ಹೆತ್ತವರಿಗೆ ಬೇಸರ ತರಿಸುತ್ತದೆಂಬುದು ಬೇರೆ ಮಾತು.

ಬಳಸಿದ ತಾಯ್ತಂದೆಯರ ಅನುಭವ ಒಂದೇ ಬಗೆಯದಲ್ಲ. ಕೆಲವು ಮನೆಗಳಲ್ಲಿ ಅದು ವರದಾನವಾಗಿದೆ. ಅಂಗಾತ ಮಲಗಿದರೆ ಸೂರನ್ನಷ್ಟೇ ಕಾಣುವ ಕೂಸು ಇಲ್ಲಿ ತುಸು ಎತ್ತರಿಸಿದ ತಲೆಯಿಂದ ಅಮ್ಮ ಸೊಪ್ಪು ಸೋಸುವುದನ್ನು ನೋಡುತ್ತದೆ, ತಾನು ಒದ್ದರೆ ಕುರ್ಚಿ ಅಲ್ಲಾಡುತ್ತದೆಂಬುದನ್ನು ಕಂಡುಕೊಂಡು ಮತ್ತೆ ಮತ್ತೆ ಒದೆಯುತ್ತದೆ. ಪುಣೆ, ಹೈದರಾಬಾದುಗಳಲ್ಲಿ ಮನೆಯಿಂದಲೇ ಕಚೇರಿ ಕೆಲಸ ಮಾಡುವ ದಂಪತಿಗಳು ಮೇಜಿನ ಬದಿಯ ನೆಲದ ಮೇಲೆ ಕುರ್ಚಿಯಿಟ್ಟು, ಕಾಲ್ಬೆರಳಿನಿಂದ ಅದನ್ನು ತೂಗುತ್ತ ಸಭೆಗಳನ್ನು ಮುಗಿಸಿದ್ದುಂಟು. ಇನ್ನು ಕೆಲವು ಕೂಸುಗಳಿಗೆ ಅದು ಸುತರಾಂ ಒಗ್ಗುವುದಿಲ್ಲ. ಕೂರಿಸಿದೊಡನೆ ಮೈ ಬಿಲ್ಲಾಗಿಸಿ ಚೀರುತ್ತವೆ. ಅಂತಹ ಮನೆಗಳಲ್ಲಿ ಹಣ ಕೊಟ್ಟು ತಂದ ಕುರ್ಚಿ ಮಡಿಸಬೇಕಾದ ಬಟ್ಟೆಗಳ ಆಸನವಾಗುತ್ತದೆ.

ನಿಜವಾದ ಪರೀಕ್ಷೆ ಬರುವುದು ಕೂಸಿಗೆ ಅದು ಒಗ್ಗಿದಾಗಲೇ. ಎರಡು ರಾತ್ರಿ ಕಣ್ಣು ಮುಚ್ಚದ ಕೂಸು ಮಧ್ಯಾಹ್ನ ಕುರ್ಚಿಯಲ್ಲಿ ಪುಟಿಯುತ್ತಲೇ ನಿದ್ದೆ ಹೋಗುತ್ತದೆ. ಮನೆ ನಿಶ್ಶಬ್ದವಾಗುತ್ತದೆ. ಮಲಗಿದ ಮಗುವನ್ನು ಎಬ್ಬಿಸಬಾರದೆಂಬ ಮಾತನ್ನು ಹಿರಿಯರಿಂದ ಕೇಳಿಯೇ ಬೆಳೆದ ತಾಯಿ, ತಾನೂ ಅಲ್ಲೇ ದಿವಾನದ ಮೇಲೆ ಒರಗುತ್ತಾಳೆ. ಅಪಾಯವಿರುವುದು ಈ ಗಳಿಗೆಯಲ್ಲಿ. ಹಸುಗೂಸಿನ ತಲೆ ಮೈಯ ಅಳತೆಗೆ ಹೋಲಿಸಿದರೆ ಭಾರ, ಕತ್ತಿನ ಸ್ನಾಯುಗಳು ಎಳೆಯವು. ಇಳಿಜಾರಿನಲ್ಲಿ ನಿದ್ದೆ ಹೋದಾಗ ತಲೆ ಮುಂದಕ್ಕೆ ವಾಲಿ ಗಲ್ಲ ಎದೆಗೆ ತಾಗಿದರೆ, ಮೆತ್ತನೆಯ ಶ್ವಾಸನಾಳ ಮಡಿಚಿಕೊಂಡು ಉಸಿರಿನ ದಾರಿ ಕಿರಿದಾಗುತ್ತದೆ. ತಲೆಯನ್ನು ಮರಳಿ ಎತ್ತುವ ಶಕ್ತಿ ಕೂಸಿಗಿಲ್ಲ; ಅಳಲು ಬೇಕಾದ ಉಸಿರೂ ಇರುವುದಿಲ್ಲ. ಪಕ್ಕದಲ್ಲೇ ಇದ್ದವರಿಗೂ ಸದ್ದು ಕೇಳಿಸದು.

ಇದು ಕೇವಲ ಹೆದರಿಕೆಯ ಮಾತಲ್ಲ. ಮಲಗಿಸಲೆಂದೇ ಮಾಡಿದ ಸುಮಾರು 47 ಲಕ್ಷ ಇಳಿಜಾರು ಶಯ್ಯೆಗಳನ್ನು ಶಿಶುಮರಣಗಳ ವರದಿಗಳ ಬಳಿಕ 2019ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಹತ್ತು ಡಿಗ್ರಿಗಿಂತ ಹೆಚ್ಚು ವಾಲಿದ ಶಿಶುಶಯ್ಯೆಗಳನ್ನು ಆ ದೇಶ 2022ರ ಕಾನೂನಿನಿಂದ ನಿಷೇಧಿಸಿತು. ಬೌನ್ಸರನ್ನು ಎಚ್ಚರವಿರುವ ಕೂಸಿಗೆಂದು ಮಾರುವುದರಿಂದ ಅದು ನಿಷೇಧದ ವ್ಯಾಪ್ತಿಗೆ ಬರಲಿಲ್ಲ. ಆದರೆ ಅದರ ಇಳಿಜಾರು ಹತ್ತು ಡಿಗ್ರಿಗಿಂತ ಹೆಚ್ಚೇ. ಆದ್ದರಿಂದ ನಿದ್ದೆ ಹತ್ತಿದ ಕೂಸನ್ನು, ಎಚ್ಚರವಾದರೂ ಚಿಂತೆಯಿಲ್ಲವೆಂದು, ಎತ್ತಿ ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಅಂಗಾತ ಮಲಗಿಸತಕ್ಕದ್ದು. ನಾಲ್ಕು ತಿಂಗಳೊಳಗಿನ ಕೂಸುಗಳ ವಿಷಯದಲ್ಲಿ ಇದನ್ನು ಎಂದೂ ತಪ್ಪಿಸಬಾರದು. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ ಶಿಶುಗಳಿಗೆ ಈ ಕುರ್ಚಿ ಕೊಳ್ಳುವ ಮೊದಲೇ ಮಕ್ಕಳ ವೈದ್ಯರನ್ನು ಕೇಳುವುದೊಳಿತು. ಬೌನ್ಸರನ್ನು ಹಳಿಯುವ ಹಿರಿಯರು ಸೀರೆಯ ಜೋಲಿಯನ್ನು ಹೊಗಳುವುದುಂಟು. ಜೋಲಿಯೂ ಕೂಸನ್ನು ಬಾಗಿಸಿಯೇ ಹಿಡಿಯುತ್ತದೆ. ತಳ ಸಮವಾಗಿರುವ ಮರದ ತೊಟ್ಟಿಲಿಗೆ ಸಲ್ಲುವ ಮನ್ನಣೆ ಅದಕ್ಕೆ ಸಲ್ಲದು.

ಹಾಲು ಕಕ್ಕುವ ಕೂಸನ್ನು ಉಣಿಸಿದ ಮೇಲೆ ಕುರ್ಚಿಯಲ್ಲಿ ಕೂರಿಸಿದರೆ ಹಾಲು ಹೊಟ್ಟೆಯಲ್ಲಿ ನಿಲ್ಲುತ್ತದೆಂಬ ನಂಬಿಕೆಯೂ ಹಲವರಲ್ಲಿದೆ. ಅಮೆರಿಕದ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ 1983ರಲ್ಲೇ ಪ್ರಕಟವಾದ ಅಧ್ಯಯನವೊಂದರಲ್ಲಿ ಶಿಶುಕುರ್ಚಿಯಿಂದ ಈ ತೊಂದರೆ ತಗ್ಗುವ ಬದಲು ಹೆಚ್ಚಿದ್ದು ಕಂಡುಬಂದಿತು. ಮುದುರಿ ಕುಳಿತಾಗ ಹೊಟ್ಟೆಯ ಮೇಲೆ ಒತ್ತಡ ಬೀಳುವುದು ಸಹಜ. ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿ ತೇಗಿಸುವ ಅಜ್ಜಿಯ ಕ್ರಮವೇ ಮೇಲು.

ಎಷ್ಟು ಹೊತ್ತು ಕೂರಿಸಬಹುದು? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಶಿಶುವನ್ನು ಯಾವುದೇ ಸಾಧನದಲ್ಲಿ ಒಂದೇ ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿಡಬಾರದು. ಇನ್ನೂ ಹರಿದಾಡದ ಕೂಸನ್ನು ಎಚ್ಚರವಿದ್ದಾಗ ದಿನಕ್ಕೆ ಒಟ್ಟು ಅರ್ಧ ಗಂಟೆಯಾದರೂ ಬೋರಲು ಮಲಗಿಸಬೇಕು. ಗಂಟೆ ಎಂಬುದು ಮೇಲಿನ ಮಿತಿ. ಇಪ್ಪತ್ತು ನಿಮಿಷ ಧಾರಾಳವಾಯಿತು. ದಿನವಿಡೀ ಒರಗಿದ ಕೂಸಿನ ತಲೆಯ ಹಿಂಭಾಗ ಚಪ್ಪಟೆಯಾಗಬಹುದು, ಕತ್ತು ಹಾಗೂ ಭುಜಗಳಿಗೆ ವ್ಯಾಯಾಮವೂ ತಪ್ಪುತ್ತದೆ. ಊರಿನಲ್ಲಿ ಎಣ್ಣೆ ಹಚ್ಚಿ, ಚಾಚಿದ ಕಾಲುಗಳ ಮೇಲೆ ಬೋರಲು ಹಾಕಿಕೊಂಡು ನೀರೆರೆಯುವಾಗ ಕೂಸು ತಲೆಯೆತ್ತಲು ಹೆಣಗುತ್ತಿತ್ತಲ್ಲ, ಆ ಸಾಧನೆಗೆ ಇಂದು ಚಾಪೆಯ ಮೇಲೆ ಪ್ರತ್ಯೇಕ ಸಮಯವನ್ನೇ ಮೀಸಲಿಡಬೇಕಾಗಿದೆ.

ಕುರ್ಚಿಯ ಸ್ಥಾನ ಯಾವಾಗಲೂ ನೆಲ. ಅಡುಗೆ ಕಟ್ಟೆ, ಊಟದ ಮೇಜುಗಳ ಮೇಲೆ ಇಟ್ಟರೆ ಅದು ಪುಟಿಯುತ್ತ ಇಂಚಿಂಚಾಗಿ ಅಂಚಿಗೆ ಸರಿಯುತ್ತದೆ; ಮಂಚ, ಸೋಫಾಗಳ ಮೇಲೆ ಮಗುಚುತ್ತದೆ. ಒಂದೇ ನಿಮಿಷದ ಕೆಲಸವೆಂದು ಪಟ್ಟಿ ಹಾಕದೆ ಬಿಡುವುದು ಸಲ್ಲದು. ಕೂಸು ಕಣ್ಣೆದುರಿಗೇ ಇರಬೇಕು. ಕುರ್ಚಿಯನ್ನು ಕೂಸಿನೊಂದಿಗೆ ಎತ್ತಿ ಒಯ್ಯಲೂ ಬಾರದು. ಮುಂಬಯಿ, ಚೆನ್ನೈಗಳ ಸೆಕೆಯಲ್ಲಿ ಬೆನ್ನಡಿಯ ಬಟ್ಟೆ ಬೆವರಿನಿಂದ ನೆನೆದು ಬೆವರುಸಾಲೆ ಏಳುವುದರಿಂದ ಅದನ್ನು ಆಗಾಗ ಒಗೆದು ಒಣಗಿಸಬೇಕು.

ಕೂಸು ತಾನಾಗಿ ಎದ್ದು ಕೂರಲು ಯತ್ನಿಸಿದ ದಿನ, ಅಥವಾ ತಯಾರಕರು ನಮೂದಿಸಿದ ತೂಕವನ್ನು ಮುಟ್ಟಿದಾಗ, ಕುರ್ಚಿಯ ಕೆಲಸ ಮುಗಿಯಿತು. ಹಲವು ಮಾದರಿಗಳಲ್ಲಿ ಈ ಮಿತಿ 9 ಕಿಲೋ. ಐದಾರು ತಿಂಗಳಷ್ಟೇ ದುಡಿದ ವಸ್ತು ಸಂಘದ ಪರಿಚಯದ ಮತ್ತೊಂದು ಮನೆಗೆ ದಾಟುವುದು ನಮ್ಮಲ್ಲಿ ವಾಡಿಕೆ. ಕೊಡುವವರು ಪಟ್ಟಿಯ ಕೊಕ್ಕೆ, ತಿರುಪು, ಹೊಲಿಗೆಗಳನ್ನು ಒಮ್ಮೆ ಎಳೆದು ನೋಡಿ, ತೂಕದ ಚೀಟಿಯನ್ನು ಹರಿಯದೆ ಜೊತೆಗೇ ಕೊಡಬೇಕು. ನಿದ್ದೆಯ ವಿಷಯವನ್ನು ಬಾಯಿಬಿಟ್ಟು ಹೇಳಬೇಕು; ಅದು ಆ ಚೀಟಿಯಲ್ಲಿದ್ದರೂ ಓದುವ ಪುರುಸೊತ್ತು ಹಸುಗೂಸಿನ ಮನೆಯಲ್ಲಿ ಯಾರಿಗೂ ಇರುವುದಿಲ್ಲ.