ಬಂಗಾರದ ಬಾಳಿಕೆ, ಮುಲಾಮಿನ ಮೆರುಗು

ಮದುವೆಯ ಮಾತುಕತೆ ಮುಗಿದ ಮನೆಯಲ್ಲಿ ಮರುದಿನ ಏಳುವ ಮಾತು ಬಂಗಾರದ್ದು. ತೊಲೆಯ ಬೆಲೆ ಏರಿದಂತೆಲ್ಲ ಪೇಟೆಯಲ್ಲಿ ‘ಒಂದು ಗ್ರಾಂ ಬಂಗಾರ’ ಎನಿಸಿಕೊಳ್ಳುವ ಮುಲಾಮಿನ ಸರ-ಬಳೆಗಳು ನಮ್ಮ ಮನೆಗಳ ಪೆಟ್ಟಿಗೆಯನ್ನು ಸೇರಿವೆ. ವಿಜಯಪುರದ ಪೇಟೆಯಲ್ಲಾಗಲಿ, ತಿಕೋಟಾ, ಬಬಲೇಶ್ವರಗಳ ಅಂಗಡಿಗಳಲ್ಲಾಗಲಿ, ಅಪ್ಪಟವೂ ಮುಲಾಮೂ ಒಂದೇ ಬಣ್ಣದಿಂದ ಹೊಳೆಯುತ್ತವೆ. ಆದರೆ ಕಾಲವು ಎರಡನ್ನೂ ಒಂದೇ ಬಗೆಯಲ್ಲಿ ನಡೆಸಿಕೊಳ್ಳುವುದಿಲ್ಲ. ಈ ಭೇದವನ್ನು ಗೃಹಸ್ಥರು, ವಿಶೇಷವಾಗಿ ತಾಯಂದಿರು, ಅರಿತಿರುವುದು ಅವಶ್ಯ.

ಅಪ್ಪಟ ಬಂಗಾರವು ಗಾಳಿ, ನೀರು, ಬೆವರುಗಳಿಗೆ ಕಂದುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಆದರೆ ಅದು ಬಹು ಮೃದು. ಆದುದರಿಂದ 22 ಕ್ಯಾರಟ್ ಒಡವೆಯಲ್ಲಿ ನೂರಕ್ಕೆ 91.6 ಪಾಲು ಬಂಗಾರವಿದ್ದು, ಉಳಿದುದು ತಾಮ್ರ, ಬೆಳ್ಳಿ ಮೊದಲಾದ ಲೋಹವಾಗಿರುತ್ತದೆ. ಇಂಥ ಒಡವೆಯ ಬಣ್ಣ ಬೇಗ ಕೆಡದಿದ್ದರೂ ಮೈ ಸವೆಯುತ್ತದೆ. ನಿತ್ಯ ಧರಿಸುವ ಸರದ ಕೊಂಡಿಗಳು ಒಂದಕ್ಕೊಂದು ತಿಕ್ಕಿ ತೆಳುವಾಗುತ್ತವೆ. ನಮ್ಮ ಭಾಗದ ಹೆಣ್ಣುಮಕ್ಕಳ ಪ್ರೀತಿಯ ಬೋರಮಾಳದ ಗುಂಡುಗಳು ತೆಳು ತಗಡಿನವು, ಒಳಗೆ ಅರಗು ತುಂಬಿದವು. ಪೆಟ್ಟು ಬಿದ್ದರೆ ತಗ್ಗಾಗುತ್ತವೆ, ಹೆಚ್ಚು ಕಾವು ತಗಲಿದರೆ ಅರಗು ಮೆತ್ತಗಾಗುತ್ತದೆ. ಅಂಥ ಸರವನ್ನು ಕೊಳ್ಳುವಾಗ ಅರಗಿನ ತೂಕವೆಷ್ಟು, ಬಂಗಾರದ ತೂಕವೆಷ್ಟು ಎಂದು ಕೇಳಿ ಬರೆಯಿಸಿಕೊಳ್ಳಬೇಕು.

ಮುಲಾಮಿನ ಒಡವೆಯ ಒಡಲು ತಾಮ್ರದ್ದು, ಹಿತ್ತಾಳೆಯದು ಅಥವಾ ಬೆಳ್ಳಿಯದು. ಹಿಂದೆ ಬಂಗಾರವನ್ನು ಪಾದರಸದಲ್ಲಿ ಕಲಸಿ ಬಳಿದು, ಕಾಯಿಸಿ, ಪಾದರಸವನ್ನು ಹಾರಿಸುತ್ತಿದ್ದರು. ಇಂದು ವಿದ್ಯುತ್ತಿನ ಸಹಾಯದಿಂದ ಲೇಪಿಸುತ್ತಾರೆ. ಅಗ್ಗದ ಒಡವೆಗಳಲ್ಲಿ ಈ ಲೇಪವು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ತೆಳುವಾಗಿರುತ್ತದೆ.

ತೆಳುವಾದ ಮಾತ್ರಕ್ಕೆ ಬಂಗಾರ ಬಾಳಲಾರದೆನ್ನುವಂತಿಲ್ಲ. ವಿಜಯಪುರದ ಜಾಮಿಯಾ ಮಸೀದಿಯ ಮಿಹ್ರಾಬನ್ನು ನೋಡಿದವರಿಗೆ ಇದು ತಿಳಿದೀತು. ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, 1636ರಲ್ಲಿ, ಅದಕ್ಕೆ ಬಂಗಾರ ಮತ್ತು ಬಣ್ಣಗಳ ಅಲಂಕಾರ ಮಾಡಲಾಯಿತು. ನಾಲ್ಕು ಶತಮಾನಗಳು ಸಮೀಪಿಸುತ್ತಿದ್ದರೂ ಆ ಹೊಳಪು ಇಂದಿಗೂ ಕಣ್ಣಿಗೆ ಕಾಣುತ್ತದೆ. ಗೋಡೆಗೆ ಬೆವರಿಲ್ಲ, ಸಾಬೂನಿಲ್ಲ, ದಿನನಿತ್ಯದ ತಿಕ್ಕಾಟವಿಲ್ಲ. ಅದೇ ತೆಳು ಲೇಪ ಕೈಬಳೆಯ ಮೇಲಿದ್ದರೆ ರೊಟ್ಟಿ ತಟ್ಟುವ, ಪಾತ್ರೆ ಬೆಳಗುವ ಕೈಯಲ್ಲಿ ಕೆಲವೇ ತಿಂಗಳಲ್ಲಿ ಅಂಚು ಸವೆದು ತಾಮ್ರ ಇಣುಕುತ್ತದೆ. ಲೇಪದ ಕೆಳಗೆ ನಿಕ್ಕಲ್ ಇದ್ದರೆ ಕೆಲವರ ಚರ್ಮಕ್ಕೆ ತುರಿಕೆಯೂ ಉಂಟಾಗುವುದು.

ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಬಳ್ಳಿಯ ಬೂದಿರೋಗಕ್ಕೆ ಗಂಧಕ ಸಿಂಪಡಿಸುವುದುಂಟು, ಒಣದ್ರಾಕ್ಷಿಗೆ ಗಂಧಕದ ಹೊಗೆ ಕೊಡುವುದೂ ಉಂಟು. ಗಂಧಕವು ಬೆಳ್ಳಿ, ತಾಮ್ರಗಳನ್ನು ಕಪ್ಪಾಗಿಸುತ್ತದೆ. ಲೇಪ ಬಿರಿದಲ್ಲಿ ಆ ಕಪ್ಪು ಹೊರಗೆ ಕಾಣಿಸಿಕೊಳ್ಳುತ್ತದೆ. ಬಬಲೇಶ್ವರದ ಎರೆಹೊಲದಲ್ಲಿ ಜೋಳ ಕೊಯ್ಯುವಾಗಲೂ ಬೆವರು ಮತ್ತು ಧೂಳು ಕೂಡಿ ಲೇಪವನ್ನು ಉಜ್ಜುತ್ತವೆ. ದುಡಿಯುವಾಗ ಇಂಥ ಒಡವೆಗಳನ್ನು ತೆಗೆದಿಡುವುದೇ ಲೇಸು.

ಮುಲಾಮಿನ ಒಡವೆಯನ್ನು ಹುಣಸೆಹಣ್ಣು, ಬೂದಿ, ಹಲ್ಲುಪುಡಿಗಳಿಂದ ತಿಕ್ಕಲಾಗದು. ಬೆಳ್ಳಿಯ ಕರಡಿಗೆಗೆ ಬಂಗಾರದ ಮುಲಾಮು ಹಾಕಿಸಿದವರು ಅದನ್ನು ವಿಭೂತಿಯಿಂದ ಬೆಳಗುವ ರೂಢಿಯನ್ನೂ ಬಿಡಬೇಕು. ಮೆತ್ತನೆಯ ಅರಿವೆಯಿಂದ ಒರಸಿ, ಒಣಗಿಸಿ, ಬೇರೆ ಬೇರೆಯಾಗಿ ಸುತ್ತಿಡಬೇಕು. ಅಪ್ಪಟ ಬಂಗಾರಕ್ಕೆ ಉಗುರುಬೆಚ್ಚಗಿನ ನೀರು, ಅಂಟುವಾಳದ ನೊರೆ ಸಾಕು. ಪಾದರಸವನ್ನು ಮಾತ್ರ ಯಾವ ಬಂಗಾರಕ್ಕೂ ತಗಲಗೊಡಬಾರದು. ಅದು ಬಂಗಾರದಲ್ಲಿ ಬೆರೆತು ಒಡವೆಯನ್ನು ಬಿಳಿಚಿಸುತ್ತದೆ.

ನಮ್ಮದು ಬರ ಕಂಡ ನಾಡು. ಮಳೆ ಕೈಕೊಟ್ಟ ವರ್ಷ ಬೀಜಕ್ಕೋ, ಮಕ್ಕಳ ಶಾಲೆಗೋ ತಾಯಿಯ ಕೊರಳಿನ ಸರವೇ ಬ್ಯಾಂಕಿಗೆ ಹೋಗಿ ಮನೆಯನ್ನು ನಿಲ್ಲಿಸಿದ ನಿದರ್ಶನಗಳು ಊರೂರಲ್ಲಿವೆ. ಅಂಥ ಸಮಯದಲ್ಲಿ ಮುಲಾಮಿನ ಸರಕ್ಕೆ ಸಾಲ ಹುಟ್ಟದು. ಒರೆಗಲ್ಲಿನ ಮೇಲೂ ಮೇಲ್ಪದರ ಮಾತ್ರ ಉಜ್ಜಲ್ಪಡುವುದರಿಂದ ದಪ್ಪ ಲೇಪವು ಒಮ್ಮೊಮ್ಮೆ ಮೋಸಗೊಳಿಸೀತು. ಆದುದರಿಂದ ಬಂಗಾರವೆಂದು ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ತ್ರಿಕೋನ ಗುರುತು, 22ಕೆ916 ಮುಂತಾದ ಶುದ್ಧತೆಯ ಅಂಕಿ, ಅಕ್ಷರ-ಅಂಕಿಗಳ ಆರು ಸ್ಥಾನದ ಸಂಖ್ಯೆ, ಈ ಮೂರನ್ನೂ ನೋಡಬೇಕು. 2000ದಲ್ಲಿ ಆರಂಭವಾದ ಈ ಹಾಲ್‌ಮಾರ್ಕ್ ಪದ್ಧತಿಯನ್ನು 2021ರ ಜೂನ್‌ನಲ್ಲಿ ಮೊದಲಿಗೆ ದೇಶದ 256 ಜಿಲ್ಲೆಗಳಲ್ಲಿ ಕಡ್ಡಾಯಗೊಳಿಸಲಾಯಿತು. ಅಜ್ಜಿಯ ಕಾಲದ ಗುರುತಿಲ್ಲದ ಒಡವೆಯನ್ನೂ ಪರೀಕ್ಷಾ ಕೇಂದ್ರದಲ್ಲಿ ಶುಲ್ಕ ಕೊಟ್ಟು ಪರೀಕ್ಷಿಸಿಕೊಳ್ಳಬಹುದು.

ಮುಲಾಮನ್ನು ಧರಿಸುವುದರಲ್ಲಿ ಯಾವ ಅವಮಾನವೂ ಇಲ್ಲ. ಸಾಲ ಮಾಡಿ ಬಂಗಾರ ತರುವುದಕ್ಕಿಂತ ಅದು ಮೇಲು. ಆದರೆ ಬೀಗರಿಗೆ ಮುಲಾಮನ್ನು ಬಂಗಾರವೆಂದು ಹೇಳಿ ಕೊಟ್ಟರೆ, ಲೇಪ ಸವೆದ ದಿನ ತಾಮ್ರದೊಡನೆ ನಂಬಿಕೆಯೂ ಬಯಲಾಗುತ್ತದೆ. ಅದರ ನೋವನ್ನು ಉಣ್ಣುವವಳು ಆ ಮನೆಗೆ ಹೋದ ಮಗಳು. ಯಾವುದು ಬಂಗಾರ, ಯಾವುದು ಮುಲಾಮು ಎಂಬುದನ್ನು ಚೀಟಿಯಲ್ಲಿ ಬರೆದು ಒಡವೆಯ ಜೊತೆಯಲ್ಲೇ ಇಟ್ಟು ಅವಳ ಕೈಗೆ ಕೊಡುವುದು ತಂದೆತಾಯಿಗಳ ಕರ್ತವ್ಯ.