ಮನಸ್ಸನ್ನು ಅರಿಯುವ ಮಾರ್ಗಗಳು

ಕಣ್ಣಿಗೆ ಕಾಣುವ ವಸ್ತುವನ್ನು ತೂಗಬಹುದು, ಅಳೆಯಬಹುದು. ಕಾಣದ ಮನಸ್ಸನ್ನು ಅರಿಯುವ ಬಗೆ ಎಂತು? ಪ್ರಶ್ನೆ ಪ್ರಾಚೀನವಾದುದು. ಆದರೆ ಪ್ರಯೋಗಶಾಲೆಯಲ್ಲಿ ಅದಕ್ಕೆ ಉತ್ತರವನ್ನು ಅರಸುವ ಕಾರ್ಯವನ್ನು 1879ರಲ್ಲಿ ಜರ್ಮನಿಯ ಲೈಪ್ಜಿಗ್ ನಗರದಲ್ಲಿ ವಿಲ್ಹೆಲ್ಮ್ ವುಂಟ್ ಅವರು ವ್ಯವಸ್ಥಿತವಾಗಿ ಕೈಗೊಂಡರು. ನಮ್ಮ ನಾಡಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯವು 1924ರಲ್ಲಿಯೇ ಮನಶ್ಶಾಸ್ತ್ರ ವಿಭಾಗವನ್ನು ತೆರೆಯಿತು. ಡಾ. ಎಂ. ವಿ. ಗೋಪಾಲಸ್ವಾಮಿಯವರು ಅದರ ನೇತೃತ್ವ ವಹಿಸಿದರು.

ಈ ಶಾಸ್ತ್ರದ ಮಾರ್ಗಗಳು ಹಲವು. ತನ್ನ ಮನೋವ್ಯಾಪಾರವನ್ನು ತಾನೇ ನೋಡಿ ಹೇಳುವುದು ಅಂತರವಲೋಕನ. ಆದರೆ ಕೋಪವನ್ನು ಪರೀಕ್ಷಿಸಲು ತೊಡಗಿದೊಡನೆ ಕೋಪವೇ ಇಳಿದುಹೋಗುವುದುಂಟು. ಮಾತು ಬಾರದ ಶಿಶುವಿಗಂತೂ ಈ ಮಾರ್ಗ ಸಲ್ಲದು. ಅನ್ಯರ ನಡೆಯನ್ನು ಸಹಜ ಸನ್ನಿವೇಶದಲ್ಲಿ ಗಮನಿಸಿ ದಾಖಲಿಸುವುದು ವೀಕ್ಷಣೆ. ಒಬ್ಬನ ಬಾಳನ್ನೇ ಆಳವಾಗಿ ಪರಿಶೀಲಿಸುವುದು ವ್ಯಕ್ತಿ ಅಧ್ಯಯನ. ಪ್ರಶ್ನಾವಳಿಯ ಮೂಲಕ ಅನೇಕರ ಅಭಿಪ್ರಾಯವನ್ನು ಸಂಗ್ರಹಿಸುವುದು ಸಮೀಕ್ಷೆ.

ಎರಡು ಸಂಗತಿಗಳು ಜೊತೆಜೊತೆಯಾಗಿ ಏರಿಳಿಯುವುದನ್ನು ಗುರುತಿಸುವುದು ಸಹಸಂಬಂಧ ವಿಧಾನ. ಇಲ್ಲಿ ಎಚ್ಚರ ಅಗತ್ಯ. ಮನೆಯಲ್ಲಿ ಪುಸ್ತಕಗಳು ಹೆಚ್ಚಾಗಿರುವ ಮಕ್ಕಳು ಹೆಚ್ಚು ಅಂಕ ಗಳಿಸಿದರೆ ಪುಸ್ತಕಗಳೇ ಕಾರಣವೆಂದು ನಿರ್ಣಯಿಸಲಾಗದು; ತಂದೆತಾಯಿಗಳ ವಿದ್ಯೆಯು ಎರಡಕ್ಕೂ ಮೂಲವಾಗಿರಬಹುದು. ಕಾರಣವನ್ನು ನಿಶ್ಚಯಿಸಲು ಪ್ರಯೋಗವೇ ಬೇಕು. ಇತರ ಅಂಶಗಳನ್ನೆಲ್ಲ ಸಮನಾಗಿರಿಸಿ, ಒಂದನ್ನು ಮಾತ್ರ ಬದಲಿಸಿ, ಪರಿಣಾಮವನ್ನು ನೋಡುವುದೇ ಪ್ರಯೋಗದ ತಿರುಳು.

ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದ ನಿವೃತ್ತ ಉಪಾಧ್ಯಾಯ ವಿಲ್ಹೆಲ್ಮ್ ಫಾನ್ ಓಸ್ಟೆನ್ ಅವರ ಬಳಿ ಹಾನ್ಸ್ ಎಂಬ ಕುದುರೆಯಿತ್ತು. ಲೆಕ್ಕ ಕೇಳಿದರೆ ಗೊರಸಿನಿಂದ ನೆಲವನ್ನು ತಟ್ಟಿ ಉತ್ತರಿಸುತ್ತಿತ್ತು. 1904ರಲ್ಲಿ ತಜ್ಞರ ಸಮಿತಿಯೊಂದು ಪರೀಕ್ಷಿಸಿ, ಮೋಸವಿಲ್ಲವೆಂದಿತು. ಆಸ್ಕರ್ ಫುಂಗ್ಸ್ಟ್ ಎಂಬ ತರುಣ ಸಂಶೋಧಕರು ಅಷ್ಟಕ್ಕೇ ತೃಪ್ತರಾಗದೆ, ಒಮ್ಮೆ ಉತ್ತರ ಬಲ್ಲವರಿಂದಲೂ ಇನ್ನೊಮ್ಮೆ ಉತ್ತರವರಿಯದವರಿಂದಲೂ ಪ್ರಶ್ನೆ ಕೇಳಿಸಿದರು. ಕೇಳುವವನಿಗೆ ಉತ್ತರ ತಿಳಿಯದಿದ್ದಾಗ ಕುದುರೆಯೂ ತಪ್ಪಿತು. ಕೇಳುವವನು ಕಣ್ಣಿಗೆ ಬೀಳದಂತೆ ಮಾಡಿದಾಗಲೂ ತಪ್ಪಿತು. ಸರಿಯಾದ ಸಂಖ್ಯೆ ಬಂದೊಡನೆ ಪ್ರಶ್ನಿಸಿದವನ ತಲೆ ಅರಿವಿಲ್ಲದೆಯೇ ಕಿಂಚಿತ್ ಮೇಲೇಳುತ್ತಿತ್ತು. ಕುದುರೆ ಓದುತ್ತಿದ್ದುದು ಅದನ್ನು, ಗಣಿತವನ್ನಲ್ಲ. ಫುಂಗ್ಸ್ಟ್ ಅವರ ಗ್ರಂಥ 1907ರಲ್ಲಿ ಪ್ರಕಟವಾಯಿತು.

ಪರೀಕ್ಷಕನ ನಿರೀಕ್ಷೆಯೇ ಫಲಿತಾಂಶವನ್ನು ಕೆಡಿಸಬಲ್ಲುದೆಂಬುದು ಇದರಿಂದ ದೊರೆತ ಪಾಠ. ಆದುದರಿಂದಲೇ ಇಂದು ಅನೇಕ ಪ್ರಯೋಗಗಳಲ್ಲಿ ಯಾರು ಯಾವ ಗುಂಪಿಗೆ ಸೇರಿದವರೆಂಬುದನ್ನು ಪರೀಕ್ಷಕನಿಗೂ ತಿಳಿಸುವುದಿಲ್ಲ. ಒಮ್ಮೆ ದೊರೆತ ಫಲವನ್ನು ಅನ್ಯರು ಮತ್ತೆ ಪರೀಕ್ಷಿಸುವುದೂ ಅನಿವಾರ್ಯ. 2015ರಲ್ಲಿ ಪ್ರಕಟವಾದ ಬೃಹತ್ ಪ್ರಯತ್ನವೊಂದರಲ್ಲಿ 100 ಅಧ್ಯಯನಗಳನ್ನು ಪುನಃ ನಡೆಸಿದಾಗ, ಅರ್ಧಕ್ಕಿಂತ ಕಡಿಮೆ ಅಧ್ಯಯನಗಳಲ್ಲಿ ಮಾತ್ರ ಮೊದಲಿನ ಫಲವು ಸ್ಪಷ್ಟವಾಗಿ ಮರುಕಳಿಸಿತು.

ತರಗತಿಯಲ್ಲಿ ನಿಂತ ಉಪಾಧ್ಯಾಯರಿಗೂ ಈ ವಿವೇಕ ಸಲ್ಲುತ್ತದೆ. ಗುರುವಿನ ಮುಖವನ್ನು ನೋಡಿ ಉತ್ತರಿಸುವ ಬಾಲಕನನ್ನು ಜಾಣನೆಂದೂ, ಒಂದು ದಿನ ತಡವರಿಸಿದವನನ್ನು ದಡ್ಡನೆಂದೂ ನಿರ್ಣಯಿಸುವುದು ಸುಲಭ. ಒಂದು ಮಗುವಿನ ಭವಿಷ್ಯವು ಆ ನಿರ್ಣಯವನ್ನು ಅವಲಂಬಿಸಿರುವಾಗ, ಅದಕ್ಕೆ ಬಂದ ಮಾರ್ಗವನ್ನು ಮೊದಲು ಪರೀಕ್ಷಿಸಿಕೊಳ್ಳುವುದೇ ನ್ಯಾಯ.