ಗುರ್ಕಾರರ ಕೆಲಸಕ್ಕೆ ಬಂದ ಮೊಬೈಲು

1963ರ ನವೆಂಬರ್ 16ರಂದು ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಕಥೋಲಿಕ ಧರ್ಮಕ್ಷೇತ್ರ ಹುಟ್ಟಿತು. ಅದಾದ ಹದಿನೆಂಟನೆಯ ದಿನ, ಡಿಸೆಂಬರ್ 4ರಂದು, ರೋಮಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಎರಡು ನಿರೂಪಗಳನ್ನು ಹೊರಡಿಸಿತು. ಮೊದಲನೆಯದು ಪೂಜೆಯ ಬಗ್ಗೆ: ಜನ ಮೂಕಪ್ರೇಕ್ಷಕರಾಗಿ ಕೂರದೆ ಪೂಜೆಯಲ್ಲಿ ಪಾಲ್ಗೊಳ್ಳಬೇಕು, ಅವರ ಮಾತಿಗೂ ಅಲ್ಲಿ ಜಾಗವಿರಬೇಕು ಎಂದಿತು. ಲ್ಯಾಟಿನ್ನಿನ ಜಾಗಕ್ಕೆ ಕನ್ನಡ, ಕೊಂಕಣಿ ಬಂದದ್ದು ಈ ದಾರಿಯಲ್ಲೇ. ಎರಡನೆಯದು ಪತ್ರಿಕೆ, ಸಿನಿಮಾ, ರೇಡಿಯೊ, ಟಿ.ವಿ.ಗಳ ಬಗ್ಗೆ. ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಆ ಎರಡೂ ಈಗ ಒಂದೇ ಮೊಬೈಲಿನಲ್ಲಿ ಎದುರುಬದುರಾಗಿವೆ.

ವಾಡೊದಿಂದ ವಾಟ್ಸಾಪಿಗೆ

ಘಟ್ಟ ಹತ್ತಿ ಬಂದ ಕೊಂಕಣಿ ಕುಟುಂಬಗಳು, ತೋಟದ ಕೆಲಸಕ್ಕೆ ಬಂದ ತಮಿಳರು, ಕನ್ನಡಿಗರು ಇಲ್ಲಿನ ಇಗರ್ಜಿಗಳಲ್ಲಿ ಜೊತೆಯಾಗುತ್ತಾರೆ. ಮನೆಯಿಂದ ಮನೆಗೆ ನಡುವೆ ತೋಟ, ಹಳ್ಳ, ಏರು. ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಇಗರ್ಜಿಯ ವ್ಯಾಪ್ತಿಯನ್ನು 'ವಾಡೊ'ಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ 'ಗುರ್ಕಾರ್'ರನ್ನು ನೇಮಿಸುವ ರೂಢಿಯಿದೆ. ಕಾಯಿಲೆ, ಸಾವು, ಹಬ್ಬದ ವಂತಿಗೆ ಇವೆಲ್ಲ ಅವರ ಬಾಯಿಂದಲೇ ಮನೆಮನೆಗೆ ತಲುಪಬೇಕು.

ವಾಟ್ಸಾಪ್ ಗುಂಪು ಈ ಕೆಲಸವನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡುತ್ತದೆ. ಆದರೆ ನಿಜವಾದ ಬದಲಾವಣೆ ವೇಗದಲ್ಲಿಲ್ಲ. ಪೀಠದಿಂದ ಗುರುಗಳು ಓದಿದ ಪ್ರಕಟಣೆಗೆ ಕೂತವರು ಎದ್ದು ಉತ್ತರ ಕೊಡುತ್ತಿರಲಿಲ್ಲ. ಗುಂಪಿನಲ್ಲಿ ಪ್ರಕಟಣೆಯ ಕೆಳಗೇ ಪ್ರಶ್ನೆ ಕೇಳಬಹುದು. ಬೈಬಲ್ ವಾಚನ ಮಾಡುವವರು ಪಾಠವನ್ನು ಮೊದಲೇ ಓದಿಕೊಳ್ಳಬಹುದು, ಗಾಯನ ವೃಂದದವರು ರಾಗವನ್ನು ಧ್ವನಿಸಂದೇಶದಲ್ಲೇ ಕಲಿಯಬಹುದು.

ನೋಡುಗರೋ, ಪಾಲುಗಾರರೋ

2020ರ ಮಾರ್ಚ್ 25ರಂದು ಕೊರೊನಾದಿಂದಾಗಿ ದೇಶ ಮುಚ್ಚಿತು. ಏಪ್ರಿಲ್ 12ರ ಈಸ್ಟರ್ ಪೂಜೆಯನ್ನು ಜನ ಪರದೆಯ ಮೇಲೇ ನೋಡಬೇಕಾಯಿತು. ಗಲ್ಫಿನಲ್ಲಿರುವ ಮಗ, ಬೆಂಗಳೂರಿನಲ್ಲಿರುವ ಮಗಳು, ತೋಟದ ಮನೆಯ ಅಜ್ಜಿ ಒಂದೇ ಜಪಸರಕ್ಕೆ ದನಿಗೂಡಿಸಲು ಸಾಧ್ಯವೆಂಬುದೂ ಆಗಲೇ ಮನವರಿಕೆಯಾದದ್ದು. ಆದರೆ 1963ರ ನಿರೂಪ ಬೇಡವೆಂದ ಮೂಕಪ್ರೇಕ್ಷಕರನ್ನೇ ಪರದೆ ಮತ್ತೆ ಹುಟ್ಟಿಸಿತು. ಸಂಸ್ಕಾರಗಳು ಇಂಟರ್‌ನೆಟ್ಟಿನಲ್ಲಿ ನಡೆಯುವಂಥವಲ್ಲ ಎಂದು ವ್ಯಾಟಿಕನ್ 2002ರಲ್ಲೇ ಹೇಳಿತ್ತು. ಪರಮಪ್ರಸಾದಕ್ಕೆ ನಾಲಿಗೆ ಅಥವಾ ಅಂಗೈ ಬೇಕು. ಪಾಪನಿವೇದನೆಗೆ ಗುರುಗಳ ಎದುರು ಹೋಗಬೇಕು. ವಚನ, ಹಾಡು, ಪ್ರಾರ್ಥನೆಗಳೇ ಮುಖ್ಯವಾದ ಪೆಂತೆಕೋಸ್ತ್ ಸಭೆಗಳಿಗೆ ಈ ತೊಡಕು ಅಷ್ಟಿಲ್ಲ. ಹಾಗಾಗಿ ಫೋನಿನ ಪ್ರಾರ್ಥನಾಕೂಟ ಅಲ್ಲಿ ಸಲೀಸು.

ಗುಂಪಿನ ಹೊರಗಿರುವವರು

ಮಲೆನಾಡಿನ ತಿರುವುಗಳಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತೋಟದ ಕೆಲಸಗಾರರು ಸಾಲಾಗಿ ವಾಸಿಸುವ ಲೈನ್ ಮನೆಗಳ ಎಲ್ಲರ ಕೈಯಲ್ಲೂ ಸ್ವಂತ ಫೋನಿಲ್ಲ. ಇಲ್ಲಿನ ಕೊಂಕಣಿಯ ಲಿಪಿ ಕನ್ನಡ. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿದರೆ ಹಿರಿಯರು ತಡವರಿಸುತ್ತಾರೆ. ಪೀಠದ ಅಧಿಕಾರ ಸಡಿಲವಾದ ಕಡೆ ಅಡ್ಮಿನ್‌ನ ಅಧಿಕಾರ ಬಂದು ಕೂರುವುದೂ ಉಂಟು. ಎಲ್ಲಿಂದಲೋ ಬಂದ ಫಾರ್ವರ್ಡ್ ಸಂದೇಶಗಳ ರಾಶಿಯಲ್ಲಿ ಪಕ್ಕದ ತೋಟದ ಸಾವಿನ ಸುದ್ದಿ ಹೂತುಹೋಗುವುದೂ ಉಂಟು.

ಹೊಸ ಸಾಧನ ದನಿ ಇಲ್ಲದವರಿಗೂ ದನಿ ಕೊಟ್ಟರೆ ಮಾತ್ರ ಅದನ್ನು ಪಾಲ್ಗೊಳ್ಳುವಿಕೆ ಎನ್ನಬಹುದು. ಆದ್ದರಿಂದ ಗುಂಪಿರಲಿ, ಗುರ್ಕಾರರೂ ಇರಲಿ. ಸಂದೇಶ ಕಳಿಸಿದ ಮೇಲೂ ಒಬ್ಬರು ಕೊಡೆ ಹಿಡಿದು ಲೈನ್ ಮನೆಗಳ ಕಡೆ ನಡೆಯಲಿ.